ಆನೆ ಕೂದಲು ಇದ್ಯಾ?

ಫೆಬ್ರವರಿ ೫, ೧೯೩೮. ಭದ್ರಾವತಿ

ಕಾರ್ಖಾನೆಯ ಸೈರನ್ ಕೂಗುವುದಕ್ಕೂ ಕೊನೆಯ ರೊಟ್ಟಿ ಬುತ್ತಿಗೆ ಬೀಳುವುದಕ್ಕೂ ಸರಿಹೋಯಿತು. ಇವರದು ಮೊದಲ ಶಿಫ್ಟ್. ಸೈಕಲ್ ಹತ್ತಿ ಹೊರಟರು. ಬಾಗಿಲು ಹಾಕಿ ಚಿಲಕ ಏರಿಸಿದೆ. ಅತ್ತೆ ಬಂದು ತೆಗೆದರು. ಹಿತ್ತಿಲಿಗೆ ಹೋಗುವ ಮುಂಚೆ ಮತ್ತೆ ಹಾಕಿದೆ. ಕೊಡ ತುಂಬಿಕೊಂಡು ಬರುವಷ್ಟರಲ್ಲಿ ಬಾಗಿಲು ಹಾರುಹೊಡೆದಿತ್ತು. ಅತ್ತೆ ಜಗಲಿಯ ಮೇಲೆ. ಪಕ್ಕದಲ್ಲಿ ಯಾರೋ ಬುಟ್ಟಿ ಮಾರುವವಳು. ಅವಳ ಕೈಯಲ್ಲಿ ನಮ್ಮ ಲೋಟ, ಲೋಟದ ತುಂಬ ಮಜ್ಜಿಗೆ.

“ಹಗಲು ಹೊತ್ತು ಬಾಗ್ಲು ಹಾಕ್ಕೊಂಡು ಕೂರೋಕೆ ನಾವೇನು ಕಳ್ಳರಾ ದಾಕ್ಷಾಯಣಿ?”

“ಕಳ್ಳರು ಬರಬಾರದು ಅಂತ ಅತ್ತೆ.”

“ಬಂದ್ರೆ ಅವ್ರಿಗೂ ಬಾಯಾರಿರುತ್ತೆ.”

ಅತ್ತೆ ಸುಭದ್ರಮ್ಮ ಹೊಳೆಹೊನ್ನೂರಿನ ದೊಡ್ಡ ಮನೆಯವರು. ಅಲ್ಲಿ ಹಗಲಲ್ಲಿ ಬಾಗಿಲು ಮುಚ್ಚಿದರೆ ಊರವರು ‘ಯಾರು ಹೋದರು’ ಎಂದು ಓಡಿ ಬರುತ್ತಾರಂತೆ. ನಾನು ಶಿವಮೊಗ್ಗದ ಕೋಟೆಯವಳು. ನಮ್ಮಪ್ಪ ಊಟಕ್ಕೆ ಕೂರುವ ಮುಂಚೆಯೂ ಅಗಳಿ ಎಳೆದು ನೋಡುವವರು. ನಡುವೆ ಈ ಕ್ವಾರ್ಟರ್ಸಿನ ಚಿಲಕ — ದಿನಕ್ಕೆ ಎಷ್ಟು ಸಲ ಏರಿಳಿಯುತ್ತದೋ.

ಈ ಡೈರಿ ಇವರು ತಂದುಕೊಟ್ಟದ್ದು. “ನೀನು ನನ್ನ ಕಿವೀಲಿ ಹೇಳೋದ್ರಲ್ಲಿ ಅರ್ಧ ಇದಕ್ಕೆ ಹೇಳು” ಎಂದರು. ಅರ್ಧ ಕೂಡ ಇದರಲ್ಲಿ ಹಿಡಿಯುವುದಿಲ್ಲ.

ಫೆಬ್ರವರಿ ೧೪

ಹುಚ್ಚಮ್ಮನ ಎಮ್ಮೆ ಅಡುಗೆಮನೆಗೆ ಬಂತು! ತೆರೆದ ಬಾಗಿಲ ಪುಣ್ಯ. ಅಕ್ಕಿ ತೊಳೆದ ನೀರು ಕುಡಿದು, ಒಲೆಯ ಕಡೆ ಒಮ್ಮೆ ನೋಡಿ, ತಿರುಗಲು ಜಾಗ ಸಾಲದೆ ನಿಂತುಬಿಟ್ಟಿತು. ಮಗಳು ಉಮಾ ಕಟ್ಟೆಯ ಮೇಲೆ ಕೂತು ಚಪ್ಪಾಳೆ. ಐದು ವರ್ಷದ ಹುಡುಗಿಗೆ ಇದಕ್ಕಿಂತ ಹಬ್ಬ ಬೇಕೆ?

ಹುಚ್ಚಮ್ಮ ಎಡಗಡೆ ಮನೆಯವಳು. ಗಂಡ ಕಾರ್ಖಾನೆಗೆ ಇದ್ದಿಲು ಗಾಡಿ ಹೊಡೆಯುತ್ತಾನೆ, ಇವಳು ಸಾಲಿಗೆಲ್ಲ ಹಾಲು ಹಾಕುತ್ತಾಳೆ. ಕೂಗಿದರೆ ಭದ್ರೆಯ ಆಚೆ ದಡಕ್ಕೆ ಕೇಳಿಸಬೇಕು. ಎಮ್ಮೆಯ ಬಾಲ ಹಿಡಿದು ಹಿಂದಕ್ಕೆ ಎಳೆಯುತ್ತ, “ನಿಮ್ಮನೆ ಬಾಗ್ಲು ನೋಡಿ ಛತ್ರ ಅಂದ್ಕೊಂಡಿದೆ ಮಾರಾಯ್ತಿ” ಎಂದಳು.

ಬಲಗಡೆ ಮನೆಯ ಸುಬ್ಬಲಕ್ಷ್ಮಿ ಬಾಗಿಲಲ್ಲಿ ನಿಂತು ನಕ್ಕೂ ನಕ್ಕೂ ಅತ್ತುಬಿಟ್ಟಳು. ಸೇಲಂ ಕಡೆಯ ಹುಡುಗಿ. ಮದುವೆಯಾಗಿ ಇಲ್ಲಿಗೆ ಬಂದು ವರ್ಷವಾಗಿಲ್ಲ, ಗಂಡ ಫಿಟ್ಟರ್. ಕನ್ನಡವನ್ನು ನನ್ನ ಹತ್ತಿರ ಕಲಿಯುತ್ತಿದ್ದಾಳೆ. ಅತ್ತೆಯನ್ನು ಕಂಡರೆ ಅವಳಿಗೆ ತನ್ನ ಅಜ್ಜಿಯನ್ನು ಕಂಡ ಹಾಗಂತೆ.

ಫೆಬ್ರವರಿ ೨೨, ಮಧ್ಯಾಹ್ನ

ಹೇಗೆ ಬರೆಯಲಿ. ಬಳೆ ಹೋಯಿತು. ನಮ್ಮದಲ್ಲ — ಸುಬ್ಬಲಕ್ಷ್ಮಿಯದು.

ಬೆಳಿಗ್ಗೆ ಒಬ್ಬ ಬಂದ. ಒಗೆದ ಜುಬ್ಬ, ಹಣೆಯ ತುಂಬ ವಿಭೂತಿ, ಹೆಗಲಿಗೆ ಚೀಲ. ವಿಭೂತಿ ನೋಡಿಯೇ ಅತ್ತೆಗೆ ಅರ್ಧ ನಂಬಿಕೆ. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಒಡವೆಗೆ ಪಾಲಿಶ್ ಹಾಕುತ್ತಾನಂತೆ. ಅತ್ತೆಯ ತಾಮ್ರದ ಚೆಂಬು ಉಜ್ಜಿ ತೋರಿಸಿದ. ಹೊಸದರಂತೆ ಹೊಳೆಯಿತು. ನಾನು ಪೆಟ್ಟಿಗೆಯ ಬೀಗದಕೈ ಬಿಚ್ಚಲಿಲ್ಲ. ಅತ್ತೆಗೆ ನನ್ನ ಮೇಲೆ ಮುನಿಸು. “ಪಾಪ, ಬಿಸಿಲಲ್ಲಿ ನಡ್ಕೊಂಡು ಬಂದಿದಾನೆ” ಎಂದು ಪಕ್ಕದ ಮನೆ ತೋರಿಸಿದರು. “ಆ ಹುಡುಗಿ ಬಳೆ ಮಂಕಾಗಿದೆ ಅಂತಿದ್ಲು. ಅಲ್ಲಿ ಕೇಳಪ್ಪ.”

ಸುಬ್ಬಲಕ್ಷ್ಮಿ ತಾಯಿ ಕೊಟ್ಟ ಜೊತೆ ಬಳೆ ಬಿಚ್ಚಿಕೊಟ್ಟಳು. ಅವಳ ಕಣ್ಣೆದುರೇ ಕುಡಿಕೆಗೆ ಹಾಕಿದ. ಅರಿಶಿನದ ನೀರು, ಯಾವುದೋ ಪುಡಿ, ಮೇಲೆ ಮುಚ್ಚಳ. “ಒಲೆ ಮೇಲಿಡಿ ತಾಯಿ. ನೀರು ಇಂಗೋ ತನಕ ತೆಗೀಬೇಡಿ, ಕಪ್ಪಾಗ್ತದೆ.” ನೀರು ಇಂಗುವಷ್ಟರಲ್ಲಿ ಅವನು ಎಲ್ಲಿದ್ದನೋ. ಕುಡಿಕೆಯಲ್ಲಿ ಹಂಚಿನ ಚೂರು.

ಅವಳು ಅಳಲಿಲ್ಲ. ಬರಿಗೈ ನೋಡುತ್ತ ಕೂತಿದ್ದಾಳೆ. ಅತ್ತೆ ಇನ್ನೂ ಊಟ ಮಾಡಿಲ್ಲ…

ಫೆಬ್ರವರಿ ೨೪

ಪೊಲೀಸ್ ಗೋವಿಂದಯ್ಯ ಬಂದರು. ಜುಬ್ಬ ಯಾವ ಬಣ್ಣ, ಮೀಸೆ ಇತ್ತೇ, ಎಲ್ಲ ಬರೆದುಕೊಂಡರು. ಅತ್ತೆಗೆ ವಿಭೂತಿ ಬಿಟ್ಟು ಬೇರೇನೂ ನೆನಪಿಲ್ಲ. “ಹೆಂಗಸ್ರು ಹುಷಾರಾಗಿರ್ಬೇಕು ತಾಯಿ” ಎಂದರು. ಹೇಗೆ ಹುಷಾರಾಗಿರಬೇಕೆಂದು ಹೇಳಲಿಲ್ಲ. ಪಾಪ, ಇಡೀ ಹಳೇ ಪೇಟೆಗೂ ಕ್ವಾರ್ಟರ್ಸಿಗೂ ಅವರೊಬ್ಬರೇ ಓಡಾಡಬೇಕು.

ಸಂಜೆ ಅತ್ತೆ ತಮ್ಮ ಕೊರಳ ಸರ ಬಿಚ್ಚಿ ಸೆರಗಿನಲ್ಲಿ ಮುಚ್ಚಿಕೊಂಡು ಸುಬ್ಬಲಕ್ಷ್ಮಿಯ ಮನೆಗೆ ಹೋದರು. ನಾನು ಬಾಗಿಲಲ್ಲೇ ನಿಂತೆ. “ತಗೋ ಮಗಳೇ. ನಾನೇ ಕಳಿಸಿದ್ದು ಅವನ್ನ.” ಅವಳು ಸರ ಮುಟ್ಟಲಿಲ್ಲ. ಅತ್ತೆಯ ಹೆಗಲಿಗೆ ಬಿದ್ದಳು. ಎರಡು ದಿನದಿಂದ ತಡೆದದ್ದೆಲ್ಲ ಆಗ ಬಂತು. ಇಬ್ಬರೂ ಅತ್ತರು. ನಾನೂ.

ಮಾರ್ಚ್ ೪

ಶಿವರಾತ್ರಿ ಕಳೆಯಿತು. ಅತ್ತೆ ಪೂಜೆಗೆ ಬಿಟ್ಟರೆ ಬಾಯಿ ತೆರೆಯಲಿಲ್ಲ.

ಈಗ ಬಾಗಿಲು ಹಾಕುವವರು ಅವರೇ. ಚಿಲಕ, ಅದರ ಮೇಲೆ ಒನಕೆ ಅಡ್ಡ. ಜಗಲಿ ಬರಿದು. ಬುಟ್ಟಿಯವಳು ಬಂದು ಕೂಗಿ ಹೋದಳು, ತೆಗೆಯಲಿಲ್ಲ. ಇಷ್ಟು ದಿನ ಇದನ್ನೇ ಬೇಡಿದ್ದೆ. ಸಿಕ್ಕಿತು. ಮನೆ ಕತ್ತಲೆ, ಸೆಕೆ, ಮಾತಿಲ್ಲ. ಉಮಾ ಒಳಗೇ ಸುತ್ತಿ ಸುತ್ತಿ ಹಟ ಮಾಡುತ್ತಾಳೆ.

ಇವರು ಡ್ಯೂಟಿ ಮುಗಿಸಿ ಬಂದು ಹೊರಗೆ ನಿಂತು “ನಾನೇ ಕಣಮ್ಮಾ” ಎಂದರು. “ನೀನೇ ಅನ್ನೋದಕ್ಕೆ ಏನು ಸಾಕ್ಷಿ?” ಎಂದರು ಅತ್ತೆ. ತಮಾಷೆಯಲ್ಲ. ಕಿಟಕಿಯಿಂದ ಮುಖ ನೋಡಿ ತೆಗೆದರು.

ಮಾರ್ಚ್ ೬

ಅತ್ತೆ ಎದ್ದರು!

ಬೆಳಿಗ್ಗೆ ಒನಕೆ ತೆಗೆದು ಗೋಡೆಗೆ ಒರಗಿಸಿ, “ಹೀಗೆ ಗೂಬೆ ಥರ ಕೂತು ಸಾಯೋಕಾಗಲ್ಲ ಕಣೇ. ಹುಚ್ಚಮ್ಮನ್ನ ಕರಿ. ಆ ಹುಡುಗೀನೂ ಕರ್ಕೊಂಡು ಬಾ” ಎಂದರು. ಹಿತ್ತಿಲಲ್ಲಿ ನೆರಳಿಗೆ ಕೂತೆವು. ಅವಲಕ್ಕಿ ಕಲಸಿದ್ದೆ.

ಅತ್ತೆ ಹೇಳಿದರು: “ಗಂಡಸ್ರು ಶಿಫ್ಟಿಗೆ ಹೋದ್ಮೇಲೆ ಈ ಸಾಲಲ್ಲಿ ಒಂದೊಂದು ಮನೇಲಿ ಒಬ್ಬೊಬ್ಳೇ. ಅವ್ನಿಗೆ ಅದು ಗೊತ್ತು. ನಮಗೇ ಗೊತ್ತಿರಲಿಲ್ಲ.”

ಹುಚ್ಚಮ್ಮನ ಊರಿನಲ್ಲಿ ಚಿರತೆ ಬಂದಾಗ ಒಂದು ಮನೆಯವರು ಗಂಗಾಳ ಬಡಿದರೆ ಸಾಕು, ಊರೆಲ್ಲ ಎದ್ದು ಬರುತ್ತದಂತೆ. “ಬಡೀತಾ ಕೂತ್ರೆ ಬಂದೋನು ಓಡಲ್ವಾ?” ಎಂದೆ. “ಓಡ್ಲಿ ಬಿಡು,” ಎಂದಳು ಹುಚ್ಚಮ್ಮ. “ಓಡಬಾರ್ದು,” ಎಂದಳು ಸುಬ್ಬಲಕ್ಷ್ಮಿ, ಇವತ್ತಿನ ಮೊದಲ ಮಾತು. “ಓಡಿದ್ರೆ ಬೇರೆ ಮನೆಗೆ ಪೋಗ್ತಾನ್ ಅಕ್ಕಾ.”

ಅದಕ್ಕೇ ಗುಟ್ಟಿನ ಮಾತು. ಗುರುತಿಲ್ಲದವರು ಬಾಗಿಲಿಗೆ ಬಂದರೆ ಒಬ್ಬಳೇ ಮಾತಿಗೆ ನಿಲ್ಲಬಾರದು. ಗೋಡೆ ಆಚೆಯವಳಿಗೆ ಕೂಗಿ ಸಾಸಿವೆ ಕೇಳಬೇಕು. ಸಾಸಿವೆ ಎಂದರೆ ಓಡಿ ಬಾ ಎಂದು ಅರ್ಥ.

ಮಾರ್ಚ್ ೭

ಸಾಸಿವೆ ಕೆಲಸ ಮಾಡಲಿಲ್ಲ. ಅಥವಾ ಬಹಳ ಮಾಡಿತು.

ಸುಬ್ಬಲಕ್ಷ್ಮಿಗೆ ಒಗ್ಗರಣೆಗೆ ನಿಜವಾಗಿಯೂ ಸಾಸಿವೆ ಇರಲಿಲ್ಲ. ಅಭ್ಯಾಸಬಲ — ಕೇಳಿಬಿಟ್ಟಳು. ಹುಚ್ಚಮ್ಮ ಒನಕೆ ಹಿಡಿದು, ಅತ್ತೆ ರಾಗಿ ಮುದ್ದೆ ತಿರುವುವ ಕೋಲು ಹಿಡಿದು, ನಾನು ಪೊರಕೆ ಹಿಡಿದು ನುಗ್ಗಿದೆವು. ಅಡುಗೆಮನೆಯಲ್ಲಿ ಅವಳ ಗಂಡ ಎರಡನೇ ಶಿಫ್ಟಿಗೆ ಹೊರಡುವ ಮುಂಚೆ ಊಟಕ್ಕೆ ಕೂತಿದ್ದಾನೆ. ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಹುಚ್ಚಮ್ಮ ಒನಕೆಯನ್ನು ಬೆನ್ನ ಹಿಂದೆ ಬಚ್ಚಿಡಲು ನೋಡಿದಳು. ಒನಕೆಯನ್ನು!

ಸುಬ್ಬಲಕ್ಷ್ಮಿ ನಕ್ಕಳು. ಬಳೆ ಹೋದ ಮೇಲೆ ಇವತ್ತೇ.

ಮಾರ್ಚ್ ೯

ಹೊಸ ಮಾತು ಬೇಕು. ಯಾವ ಮನೆಯಲ್ಲೂ ಸುಮ್ಮನೆ ಕೇಳದಂಥದ್ದು, ಆದರೆ ಬಂದವನಿಗೆ ಅನುಮಾನ ಬರಬಾರದು. ಹುಚ್ಚಮ್ಮನೇ ಹುಡುಕಿದಳು: ಆನೆ ಕೂದಲು. ಮಕ್ಕಳು ಬೆಚ್ಚಿದರೆ ಬಾಲದ ಕೂದಲಿನ ಉಂಗುರ ಕಟ್ಟುತ್ತಾರಲ್ಲ. “ಆನೆ ಕೂದಲು ಇದ್ಯಾ?” — ಇದೇ ನಮ್ಮ ಸಾಲಿನ ಗಂಗಾಳ.

ಮಕ್ಕಳಿಗೆ ಬೇರೆ. ಕಿವಿಯ ಚಿನ್ನಕ್ಕಾಗಿ ಮಕ್ಕಳನ್ನು ಪುಸಲಾಯಿಸಿ ಕರೆದೊಯ್ದ ಸುದ್ದಿ ಸಂತೆಯಲ್ಲಿ ಕೇಳುತ್ತಲೇ ಇರುತ್ತೇವೆ. ಅತ್ತೆಯೇ ಉಮಾಳ ಓಲೆ ಬಿಚ್ಚಿ ಬೇವಿನ ಕಡ್ಡಿ ಹಾಕಿದರು. ಕಣ್ಣು ಒರೆಸಿಕೊಂಡರು, ಆದರೆ ಬಿಚ್ಚಿದರು. “ಅಪ್ಪ ಕರೀತಿದಾರೆ, ಅಮ್ಮ ಕರೀತಿದಾರೆ ಅಂತ ಯಾರೇ ಬಂದ್ರೂ ನಮ್ಮನೆ ಮಾತು ಹೇಳು ಅನ್ನು. ಹೇಳದಿದ್ರೆ ಹೋಗಬೇಡ, ಕಿರುಚು” ಎಂದು ಕಲಿಸಿದೆ. ಯಾವ ಮಾತು? ಅವಳೇ ಆರಿಸಿದಳು: “ಉಪ್ಪಿನಕಾಯಿ ಜಾಡಿ ಕುಣೀತು.”

ಇವರಿಗೆ ಹೇಳಿದೆ. ಇವರು ಗಂಭೀರವಾಗಿ, “ಅಂದ್ರೆ ನಾನು ಯಾರನ್ನಾದ್ರೂ ಮನೆಗೆ ಕಳಿಸೋದಾದ್ರೆ, ಕಾರ್ಖಾನೆ ಫೋರ್‌ಮನ್ ಮುಂದೆ ಇದನ್ನ ಹೇಳಬೇಕಾ?”

“ಹೂಂ.”

“ಕೆಲಸ ಹೋಗುತ್ತೆ ಮಾರಾಯ್ತಿ.”

ಮಾರ್ಚ್ ೨೦, ಸಂಜೆ

ಹೊಟ್ಟೆ ನೋಯುವಷ್ಟು ನಕ್ಕಿದ್ದೇನೆ. ಅಕ್ಷರ ಸೊಟ್ಟಗೆ ಹೋಗುತ್ತಿದೆ.

ನನ್ನ ಸೋದರಮಾವ ಉಜ್ಜನಪ್ಪ ಶಿವಮೊಗ್ಗದಿಂದ ರೈಲಿನಲ್ಲಿ ಬಂದರು. ಹೇಳಿ ಬರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ, ಅದಕ್ಕೆ ಕಪ್ಪು ಕನ್ನಡಕ. ಹೊಸ ಜರಿ ರುಮಾಲು. ಕೈಯಲ್ಲಿ ಮಿಠಾಯಿ ಪೊಟ್ಟಣ. ಉಮಾ ನಲ್ಲಿಯ ಹತ್ತಿರ ಆಡುತ್ತಿದ್ದಳು. ಅವಳು ಮಾವನನ್ನು ನೋಡಿದ್ದು ಕೂಸಾಗಿದ್ದಾಗ.

“ಬಾರೇ ಪುಟ್ಟಿ. ಮಿಠಾಯಿ ಕೊಡ್ತೀನಿ. ನಿಮ್ಮಮ್ಮನ ಹತ್ರ ಹೋಗೋಣ.”

“ಮಾತು ಹೇಳು.”

“ಏನು ಮಾತು?”

“ಜಾಡಿ ಏನು ಮಾಡ್ತು?”

“ಯಾವ ಜಾಡಿ ಕೂಸೇ?”

ಅಷ್ಟೇ. ಉಮಾ ಕಿರುಚಿದ್ದು ರೈಲಿನ ಸೀಟಿಯ ಹಾಗೆ. ಮಗುವಿಗೆ ಹೇಳಿಕೊಡದೆ ಇದ್ದರೂ ಕೇಳಿಸಿಕೊಂಡಿತ್ತು — “ಆನೆ ಕೂದಲು! ಆನೆ ಕೂದಲು!” ನಾನು ಅಂಗಡಿಯಿಂದ ಬರುವಷ್ಟರಲ್ಲಿ ಮಾವ ನಲ್ಲಿಕಟ್ಟೆಯ ಮೇಲೆ, ಸುತ್ತ ಒನಕೆ, ಸೌಟು, ಪೊರಕೆ. ರುಮಾಲು ಹುಚ್ಚಮ್ಮನ ವಶದಲ್ಲಿ. ಸುಬ್ಬಲಕ್ಷ್ಮಿ ಮಿಠಾಯಿ ಪೊಟ್ಟಣ ಬಿಚ್ಚಿ ಮೂಸುತ್ತಿದ್ದಾಳೆ — ಮದ್ದು ಹಾಕಿದೆಯೋ ಎಂದು. ಅತ್ತೆ ಕೇಳುತ್ತಿದ್ದಾರೆ: “ಮದುವೇಲಿ ನೋಡಿದ ಉಜ್ಜನಪ್ಪನೋರಿಗೆ ಇಷ್ಟು ಹೊಟ್ಟೆ ಇರಲಿಲ್ಲವಲ್ಲ?”

“ಮಾವಾ!” ಎಂದೆ.

ಒನಕೆ, ಸೌಟು ಕೆಳಗಿಳಿದವು. ಆಮೇಲೆ ಮಾವನೇ ಮೊದಲು ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿ ಒರೆಸಿ ನಕ್ಕರು. “ಕೋಟೆಯಲ್ಲಿ ಕಲ್ಲಿನ ಗೋಡೆ ಇತ್ತಂತೆ. ಇಷ್ಟು ಗಟ್ಟಿ ಇರಲಿಲ್ಲ ಬಿಡು.” ಅತ್ತೆಗೆ ನಾಚಿಕೆ. ಹೋಳಿಗೆ ಮಾಡಿ ಬಡಿಸಿದರು. ಮಾವ ಅದನ್ನೂ ಉಮಾಗೆ ತೋರಿಸಿ, “ತಿನ್ನಲಾ? ಮಾತು ಹೇಳಬೇಕಾ?”

ಏಪ್ರಿಲ್ ೧, ಯುಗಾದಿ

ಬೇವು ಬೆಲ್ಲ. ಸುಬ್ಬಲಕ್ಷ್ಮಿ ಗಾಜಿನ ಬಳೆ ತೊಟ್ಟು ಬಂದಳು, ಹಸಿರು. ಚೆನ್ನಾಗಿ ಕಾಣುತ್ತದೆ ಎಂದೆ. “ಚಿನ್ನ ಶಬ್ದ ಮಾಡಲ್ಲ, ಇದು ಮಾಡುತ್ತೆ” ಎಂದಳು. ಆದರೂ ಮಾತಿನ ನಡುವೆ ಮಣಿಕಟ್ಟು ತಡವಿಕೊಳ್ಳುತ್ತಾಳೆ.

ಜಗಲಿ ಮತ್ತೆ ತುಂಬಿದೆ. ಬುಟ್ಟಿಯವಳಿಗೆ ಮಜ್ಜಿಗೆ ಶುರು. ಚಿಲಕದ ಜಗಳವಿಲ್ಲ: ಇಬ್ಬರೂ ಮುಂದೆ ಇದ್ದರೆ ತೆರೆದಿರುತ್ತದೆ, ಹಿತ್ತಿಲಿಗೆ ಹೋದರೆ ಮುಚ್ಚಿರುತ್ತದೆ. ಯಾರು ಗೆದ್ದರೆಂದು ಇಬ್ಬರಿಗೂ ತಿಳಿಯದು.

ಏಪ್ರಿಲ್ ೧೩

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಎಲ್ಲ ಬರೆಯುತ್ತೇನೆ.

ನಿನ್ನೆ ಊಟದ ಹೊತ್ತಿಗೆ ಒಬ್ಬ ಓಡುತ್ತ ಬಂದ. ಖಾಕಿ ಕೋಟು, ಕಿವಿಯ ಮೇಲೆ ಪೆನ್ಸಿಲು, ಬೆವರು. ರಸ್ತೆಯ ತುದಿಯಲ್ಲಿ ಜಟಕಾ ನಿಂತಿತ್ತು.

“ಪರಮೇಶ್ವರಪ್ಪನೋರ ಮನೆ ಇದೇನಾ? ಕಾರ್ಖಾನೆಯಿಂದ ಬಂದೆ ತಾಯಿ. ಗಾಬರಿ ಆಗ್ಬೇಡಿ. ಫರ್ನೇಸ್ ಹತ್ರ ಜಾರಿದ್ರು, ಕಾಲ ಮೇಲೆ ಕಬ್ಬಿಣ ಬಿತ್ತು. ಶಿವಮೊಗ್ಗದ ಆಸ್ಪತ್ರೆಗೆ ಮೋಟಾರಲ್ಲಿ ಕಳಿಸಿದಾರೆ. ಕೂಡ್ಲೇ ಹೊರಡಿ. ಎಷ್ಟು ದಿನ ಆಗ್ತದೋ — ಖಾಲಿ ಮನೇಲಿ ಒಡವೆ ಬಿಡಬೇಡಿ, ಜೊತೇಲೇ ತಗೊಳ್ಳಿ.”

ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ. ಕಂಬ ಹಿಡಿದುಕೊಂಡೆ.

ಮಾತು ನೆನಪಾಯಿತು. ಕೇಳಿದೆ: “ಅವರು… ಏನಾದ್ರೂ ಮಾತು ಹೇಳಿ ಕಳಿಸಿದ್ರಾ?”

“ಪ್ರಜ್ಞೆಯೇ ಇಲ್ಲವಲ್ಲ ತಾಯಿ.”

ಇದಕ್ಕೆ ನಾವು ಉತ್ತರ ಕಲಿತಿರಲಿಲ್ಲ. ಸುಳ್ಳಾದರೆ ಒಡವೆ ಹೋಗುತ್ತದೆ. ನಿಜವಾಗಿದ್ದು ನಾನು ಇಲ್ಲಿ ಅನುಮಾನ ಪಡುತ್ತ ನಿಂತರೆ? ಅಲ್ಲಿ ಅವರು ಕಣ್ಣು ಬಿಟ್ಟು ನನ್ನನ್ನು ಹುಡುಕಿದರೆ? ಒಡವೆ ಹಾಳಾಗಿ ಹೋಗಲಿ ಎನ್ನಿಸಿತು. ಒಳಗೆ ಹೋದೆ. ಪೆಟ್ಟಿಗೆಯ ಮುಂದೆ ಕೂತೆ. ಬೀಗದಕೈ ತೂತಿಗೆ ಸೇರಲು ಮೂರು ಸಲ ಬೇಕಾಯಿತು. ಮುಚ್ಚಳ ಎತ್ತಿದ್ದೆ.

ಆಗ ಜಗಲಿಯಿಂದ ಅತ್ತೆಯ ದನಿ. ಸಣ್ಣಗೆ, ಅಳುತ್ತ.

“ಯಾವ ಕಾಲಪ್ಪಾ? ಆ ಹಳೇ ಪೆಟ್ಟಿನ ಕಾಲಾ?”

“ಹೂಂ ಕಣಮ್ಮಾ. ಅದೇ ಕಾಲು. ಪಾಪ, ಮೊದ್ಲೇ ಕುಂಟ್ತಿದ್ರಲ್ಲ.”

ಇವರಿಗೆ ಯಾವ ಕಾಲಿಗೂ ಹಳೆಯ ಪೆಟ್ಟಿಲ್ಲ. ಇವರು ಕುಂಟಿದ್ದು ಯಾವತ್ತೂ ಇಲ್ಲ.

ಮುಚ್ಚಳ ಬಿಟ್ಟೆ. ಬೀಗ ಹಾಕಿದೆ. ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿದೆ.

ಅತ್ತೆ ಹೊರಗೆ ಮೂಗು ಒರೆಸಿಕೊಂಡು, ಎಂದಿನ ದನಿಯಲ್ಲಿ: “ಅವ್ಳು ಬಟ್ಟೆ ಕಟ್ಕೊಳ್ಳಲಿ. ನೀನು ಕೂತ್ಕೋ. ಬಿಸಿಲಲ್ಲಿ ಓಡಿ ಬಂದಿದೀಯ. ನಮ್ಮನೇಲಿ ಮಜ್ಜಿಗೆ ಕುಡೀದೆ ಯಾರೂ ಹೋಗಲ್ಲ.” ಆಮೇಲೆ ಗೋಡೆ ಕಡೆ ತಿರುಗಿ, “ಏ ಹುಚ್ಚಮ್ಮಾ! ಆನೆ ಕೂದಲು ಇದ್ಯಾ? ಸೊಸೆ ಬೆಚ್ಚಿದಾಳೆ. ಸುಬ್ಬಲಕ್ಷ್ಮೀ, ನಿನ್ನ ಹತ್ರ ಇದ್ರೂ ತಾರೇ!”

ಹುಚ್ಚಮ್ಮ ಬಂದಳು. ಓಡಿ ಬರಲಿಲ್ಲ. ಮೊರದಲ್ಲಿ ಅಕ್ಕಿ ಹಿಡಿದು ನಿಧಾನವಾಗಿ ಬಂದು, ಜಗಲಿಯ ಮೆಟ್ಟಿಲಿಗೆ ಅಡ್ಡ ಕೂತು ಕಲ್ಲು ಆರಿಸತೊಡಗಿದಳು. ಆ ಮೆಟ್ಟಿಲಿನಲ್ಲಿ ಅವಳು ಕೂತರೆ ಬೆಕ್ಕಿಗೂ ದಾರಿಯಿಲ್ಲ. ಸುಬ್ಬಲಕ್ಷ್ಮಿ ಬಾಗಿಲಿಗೆ ಬಂದಳು, ಅವನ ಮುಖ ನೋಡಿದಳು, ರಸ್ತೆಯ ತುದಿಯ ಜಟಕಾ ನೋಡಿದಳು. ಅವನ ಮಾತೆಲ್ಲ ಗೋಡೆ ಆಚೆ ಅವಳಿಗೆ ಕೇಳಿಸಿತ್ತು. ನೆಟ್ಟಗೆ ಹೋಗಿ ಅವನದೇ ಜಟಕಾ ಹತ್ತಿದಳು! ಗಾಡಿಯವ ಭೈರಪ್ಪ, ಬಾಡಿಗೆಗೆ ಬಂದವನು, ಏನೂ ತಿಳಿಯದವನು. “ಆಸ್ಪತ್ರೆಗೆ ಬೇಡ, ಕಾರ್ಖಾನೆ ಗೇಟಿಗೆ ಬಿಡಣ್ಣಾ. ಬೇಗ, ಬೇಗ!” ಎಂದಳಂತೆ.

ಗಾಲಿಯ ಸದ್ದು ಕೇಳಿ ಅವನ ಲೋಟ ಬಾಯಿಯ ಹತ್ತಿರವೇ ನಿಂತಿತು.

“ಜಟಕಾ ಎಲ್ಲಿಗೆ ಹೋಯ್ತು?”

“ಕುದುರೆಗೆ ನೀರು ಕುಡಿಸೋಕೆ ಇರಬೇಕು,” ಎಂದರು ಅತ್ತೆ. “ಇನ್ನೊಂದು ಲೋಟ ಹಾಕ್ಲಾ?”

ಎದ್ದ. “ದಾರಿ ಬಿಡಮ್ಮಾ.”

“ಮೊಣಕಾಲು ಹಿಡ್ಕೊಂಡಿದೆ ಮಾರಾಯ,” ಎಂದಳು ಹುಚ್ಚಮ್ಮ, ಮೊರದಿಂದ ಕಣ್ಣೆತ್ತದೆ. “ಸ್ವಲ್ಪ ಹೊತ್ತು ತಡಿ.”

ಅವನು ಮನೆಯೊಳಗೆ ನುಗ್ಗಿದ. ನಾನು ಉಮಾಳನ್ನು ಎಳೆದುಕೊಂಡು ಗೋಡೆಗೆ ಒತ್ತಿಕೊಂಡೆ. ನನ್ನ ಪಕ್ಕದಲ್ಲೇ ಹಾದು ಅಡುಗೆಮನೆ ದಾಟಿ ಹಿತ್ತಿಲಿಗೆ ಜಿಗಿದು, ಗೋಡೆ ಹತ್ತಿ, ಹುಚ್ಚಮ್ಮನ ಹಿತ್ತಿಲಿಗೆ ಹಾರಿದ. ಆ ಗೋಡೆಯ ಆಚೆ ಏನಿದೆ ಎಂದು ನಮಗೆಲ್ಲ ಗೊತ್ತು. ಎಮ್ಮೆಯ ಗೊಬ್ಬರದ ಗುಂಡಿ! ಸೊಂಟದವರೆಗೆ ಇಳಿದ. ಹುಚ್ಚಮ್ಮನ ಮೊಣಕಾಲು ತಟ್ಟನೆ ವಾಸಿಯಾಯಿತು. ಅವಳ ಒಂದೇ ಕೂಗಿಗೆ ಇಡೀ ಸಾಲು ಗುಂಡಿಯ ಸುತ್ತ. ಯಾರೂ ಹೊಡೆಯಲಿಲ್ಲ, ಅತ್ತೆ ಬಿಡಲಿಲ್ಲ. ದಡದಲ್ಲಿ ಲೋಟ ಹಿಡಿದು ನಿಂತು, “ಮಜ್ಜಿಗೆ ಪೂರ್ತಿ ಕುಡೀಲಿಲ್ಲವಲ್ಲಪ್ಪ” ಎಂದರು.

ಅಷ್ಟರಲ್ಲಿ ಜಟಕಾ ತಿರುಗಿ ಬಂತು. ಮುಂದೆ, ದಾರಿಯಲ್ಲಿ ಹತ್ತಿಸಿಕೊಂಡ ಪೊಲೀಸ್ ಗೋವಿಂದಯ್ಯ. ಹಿಂದೆ ಸುಬ್ಬಲಕ್ಷ್ಮಿ, ಕೂದಲೆಲ್ಲ ಗಾಳಿಗೆ ಬಿಚ್ಚಿ. ಅವಳ ಪಕ್ಕದಿಂದ ಗಾಡಿ ನಿಲ್ಲುವ ಮೊದಲೇ ಧುಮುಕಿದವರು — ಇದ್ದಿಲ ಮಸಿ ಮುಖ, ಎರಡು ಗಟ್ಟಿ ಕಾಲು — ಇವರು.

ನಾನು ಕೂಗಿದೆ. ಏನೆಂದು ಕೂಗಿದೆನೋ ಆಮೇಲೆ ಹುಚ್ಚಮ್ಮ ಹೇಳಿದ ಮೇಲೆಯೇ ತಿಳಿದದ್ದು. “ಪರಮೇಶ್ವರಪ್ಪಾ!” ಎಂದೆನಂತೆ. ಬೀದಿಯ ನಡುವೆ. ಗಂಡನ ಹೆಸರು. ಅತ್ತೆಯ ಎದುರಿಗೆ. ಓಡಿ ಹೋಗಿ ಅವರ ಕಾಲನ್ನು ಮುಟ್ಟಿ ಮುಟ್ಟಿ ನೋಡಿದೆನಂತೆ, ಎಡದ್ದು, ಬಲದ್ದು.

“ಏನೇ ಇದು, ಎತ್ತಿಗೆ ಲಾಳ ಹೊಡೆಯೋಳ ಥರ,” ಎಂದರು ಇವರು. ದನಿ ಸರಿಯಿರಲಿಲ್ಲ. ಮಸಿ ಕೈಯಲ್ಲಿ ನನ್ನ ತಲೆ ಸವರಿದರು. ಎಲ್ಲರೆದುರು. ಸ್ನಾನ ಮಾಡಿದರೂ ಬೈತಲೆಯಲ್ಲಿ ಇನ್ನೂ ಸ್ವಲ್ಪ ಮಸಿ ಇದೆ. ತೊಳೆದಿಲ್ಲ.

ಏಪ್ರಿಲ್ ೧೪

ಅತ್ತೆಯನ್ನು ಕೇಳಿದೆ: ಅವನು ಸುಳ್ಳನೆಂದು ಹೇಗೆ ತಿಳಿಯಿತು?

ಬತ್ತಿ ಹೊಸೆಯುತ್ತ ಹೇಳಿದರು: “ತಿಳೀಲಿಲ್ಲ ಕಣೇ. ನಂಗೂ ನಿಜ ಅಂತಲೇ ಅನ್ನಿಸ್ತು. ಆದ್ರೆ ಆ ಹುಡುಗಿ ಬರಿಗೈ ಕಣ್ಮುಂದೆ ಬಂತು. ಒಂದು ಸುಳ್ಳು ಹೇಳಿ ನೋಡೋಣ ಅನ್ನಿಸ್ತು. ಅವನು ‘ಇಲ್ಲಮ್ಮ, ಯಾವ ಹಳೇ ಪೆಟ್ಟು?’ ಅಂದಿದ್ರೆ, ನಾನೇ ನಿನ್ನ ಜಟಕಾ ಹತ್ತಿಸ್ತಿದ್ದೆ.”

ಆಮೇಲೆ, ಸುಮ್ಮನೆ ಎಂಬಂತೆ: “ಹೆಸ್ರು ಚೆನ್ನಾಗಿ ಕೂಗ್ತೀಯ. ನಾನೇ ಇಟ್ಟಿದ್ದು ಆ ಹೆಸ್ರು.”

ಏಪ್ರಿಲ್ ೩೦. ಶಿವಮೊಗ್ಗ, ಕೋಟೆ

ಅಪ್ಪನ ಮನೆಯ ಮಹಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎಷ್ಟು ದಿನ ಬಿಟ್ಟೆ! ಪುರಸೊತ್ತು ಎಲ್ಲಿತ್ತು?

ಗುಂಡಿಗೆ ಬಿದ್ದವನು ಪಾಲಿಶ್‌ನವನ ಜೊತೆಗಾರನೇ. ಇವನ ಬಾಯಿ ಬಿಡಿಸಿ ಅವನನ್ನು ತರೀಕೆರೆಯ ಛತ್ರದಲ್ಲಿ ಹಿಡಿದರು. ಸುಬ್ಬಲಕ್ಷ್ಮಿಯ ಒಂದು ಬಳೆ ಸಿಕ್ಕಿತು, ಇನ್ನೊಂದನ್ನು ಕರಗಿಸಿಯಾಗಿತ್ತು. ಒಂದು ಕೈಗೆ ಚಿನ್ನ, ಒಂದು ಕೈಗೆ ಹಸಿರು ಗಾಜು. ಹಾಗೇ ತೊಡುತ್ತಾಳೆ. “ಎರಡೂ ನನ್ನದೇ” ಎನ್ನುತ್ತಾಳೆ, ಈಗ ಶುದ್ಧ ಕನ್ನಡದಲ್ಲಿ.

ನಮ್ಮ ಸಾಲಿನ ಕಥೆ ಇಲ್ಲಿಯ ಹೆಂಗಸರಿಗೂ ಹೇಳಲಿ ಎಂದು ಅತ್ತೆಯನ್ನು ಉಜ್ಜನಪ್ಪ ಮಾವನೇ ಕರೆಸಿದ್ದು. ದೇವಸ್ಥಾನದ ಜಗಲಿಯ ತುಂಬ ಹೆಂಗಸರು. ಅತ್ತೆ ಮೊದಲು ಸೆರಗು ಎಳೆದುಕೊಂಡು ಕೂತರು. ಆಮೇಲೆ ಪಾಲಿಶ್‌ನವನನ್ನು ಸುಬ್ಬಲಕ್ಷ್ಮಿಯ ಮನೆಗೆ ತಾವೇ ಕಳಿಸಿದ್ದರಿಂದ ಶುರು ಮಾಡಿದರು. ಒಂದನ್ನೂ ಮುಚ್ಚಿಡಲಿಲ್ಲ. ಗುಂಡಿಯ ಭಾಗ ಬಂದಾಗ ನಿಂತೇಬಿಟ್ಟರು. ಹೇಗೆ ಹಾರಿದ, ಹೇಗೆ ಇಳಿದ — ತೋರಿಸಿದರು! ಅರವತ್ತು ದಾಟಿದವರು!

ನಮ್ಮಪ್ಪ ದೂರದಲ್ಲಿ ನಿಂತು ಕೇಳಿ, “ಅದೆಲ್ಲ ಸರಿ ಬೀಗಿತ್ತಿ, ಗಟ್ಟಿ ಅಗಳಿ ಇದ್ರೆ ಇಷ್ಟೆಲ್ಲ ಯಾಕೆ?” ಎಂದರು.

“ಅಗಳಿ ಇರ್ಲಿ ಬೀಗರೇ. ನಿಮ್ಮ ಎದುರು ಮನೆ ಸೊಸೆ ಹೆಸ್ರೇನು ಹೇಳಿ?”

ಅಪ್ಪನಿಗೆ ಗೊತ್ತಿರಲಿಲ್ಲ. ಆ ಸೊಸೆ ಅಲ್ಲೇ ಕೂತಿದ್ದಳು. ಸೀತಾ ಎಂದಳು, ನಾಚಿಕೊಂಡು. ಎಲ್ಲರೂ ನಕ್ಕರು, ಅಪ್ಪನೂ.

ಈ ಬೀದಿಯವರು ಬೇರೆ ಗುಟ್ಟಿನ ಮಾತು ಹುಡುಕುತ್ತಿದ್ದಾರೆ. ಜಗಳ ಜೋರಾಗಿದೆ. ನಮ್ಮದನ್ನು ಕೊಡುವುದಿಲ್ಲ ಎಂದಿದ್ದಾಳೆ ಉಮಾ.

ಮೇ ೧೪. ಭದ್ರಾವತಿ. ಸಂಜೆ

ಸಂತೆ ಮಾಳದಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬಿದ್ದು ವಾರವಾಯಿತು. ಮಾತಾಡುವ ಚಿತ್ರ, ಕನ್ನಡದ್ದು. ಗಂಡಸರೆಲ್ಲ ನೋಡಿ ಬಂದು ಕಥೆ ಹೇಳಿ ಹೊಟ್ಟೆ ಉರಿಸಿದರು. ಹೆಂಗಸರು ಸಂಜೆ ಹೊತ್ತು ಅಷ್ಟು ದೂರ ಹೋಗಿ ಬರುವುದು ಹೇಗೆ ಎಂಬುದು ಅವರ ಪ್ರಶ್ನೆ. ಮೊನ್ನೆ ಜಗಲಿಯಲ್ಲಿ ಅತ್ತೆ ತೀರ್ಮಾನ ಹೇಳಿದರು: “ಒಬ್ಬಳು ಹೋದ್ರೆ ಭಯ. ಸಾಲಿಗೆ ಸಾಲೇ ಹೋದ್ರೆ ದಾರಿಯೇ ನಮ್ಮದು.”

ಹಾಗಾಗಿ ಇವತ್ತು ಮನೆ ಕಾಯುವುದು ಗಂಡಸರ ಡ್ಯೂಟಿ. ಇವರು ಜಗಲಿಯಲ್ಲಿ ಕೂತಿದ್ದಾರೆ, ಸುಬ್ಬಲಕ್ಷ್ಮಿಯ ಗಂಡನೂ ಬಂದು ಕೂತಿದ್ದಾನೆ. ಎರಡು ಮುಖವೂ ನೋಡಬೇಕು. “ಯಾರಾದ್ರೂ ಬಂದ್ರೆ ನಾವೇನು ಮಾಡೋದು?” ಎಂದು ಕೇಳುತ್ತಾರೆ. ಮಜ್ಜಿಗೆ ಅಡುಗೆಮನೆಯಲ್ಲಿದೆ ಎಂದೆ.

ಉಮಾಗೆ ಜಡೆ ಹಾಕಿಯಾಯಿತು. ಸುಬ್ಬಲಕ್ಷ್ಮಿ ಮಲ್ಲಿಗೆ ತಂದಳು, ನನಗೂ ಅತ್ತೆಗೂ. ಅತ್ತೆ ಬೇಡ ಬೇಡವೆಂದು ಮುಡಿದರು. ಹುಚ್ಚಮ್ಮ ಗಂಡನ ಇದ್ದಿಲ ಗಾಡಿ ತೊಳೆಸಿ, ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿದ್ದಾಳೆ! ಈ ಸಾಲಿನವರು, ಆ ಸಾಲಿನವರು, ನೋಡುತ್ತ ನೋಡುತ್ತ ಗಾಡಿ ತುಂಬಿತು, ಉಳಿದವರು ನಡೆದೇ ಬರುತ್ತಾರಂತೆ. ಅಗೋ ಹಾಡು ಶುರುವಾಯಿತು — ಯಾರೋ ಒನಕೆ ಹಾಡು ಎತ್ತಿದರು —

ಅತ್ತೆ ಕೂಗುತ್ತಿದ್ದಾರೆ. “ದಾಕ್ಷಾಯಣೀ! ಬರೆಯೋದು ದೊಡ್ಡದಾ, ನೋಡೋದು ದೊಡ್ಡದಾ? ಬಾರೇ, ಎತ್ತು ಎಳೀತಿದೆ!”

ಬಂದೆ ಬಂದೆ. ಇವರು ಬಾಗಿಲಲ್ಲಿ ನಿಂತು ನಗುತ್ತಿದ್ದಾರೆ, ನನ್ನ ಹೂ ಒಂದು ಕಡೆ ಜಾರಿದೆಯಂತೆ, ಸರಿ ಮಾಡಲು ಕೈ ಚಾಚಿ —